ಗಂಟೆಗೆ ಹದಿನೈದು ರೂಪಾಯಿಯ ಅಜ್ಞಾತವಾಸ

ತಾಲ್ಲೂಕು ಕಚೇರಿಗಳ ಎದುರಿನ ಅಂಗಡಿಸಾಲಿನಲ್ಲಿ ಈಗಲೂ ‘ಸೈಬರ್’ ಎಂಬ ಬೋರ್ಡು ಕಾಣಿಸುತ್ತದೆ. ಒಳಗೆ ನಡೆಯುವ ಕೆಲಸ ಮಾತ್ರ ಬೇರೆ. ಪಹಣಿ ತೆಗೆಸುವವರು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಗೃಹಲಕ್ಷ್ಮಿ ದುಡ್ಡು ಯಾಕೆ ಬಂದಿಲ್ಲ ಎಂದು ವಿಚಾರಿಸಲು ಬಂದವರು. “ಓಟಿಪಿ ಬಂತೇನಮ್ಮಾ?” ಎಂದು ಕಂಪ್ಯೂಟರಿನ ಮುಂದಿರುವ ಹುಡುಗ ಕೇಳುತ್ತಾನೆ. ಆಕೆ ಫೋನನ್ನು ಕಣ್ಣಿನಿಂದ ದೂರ ಹಿಡಿದು ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾಳೆ. ಸರತಿಯಲ್ಲಿರುವವರೆಲ್ಲ ಕೇಳಿಸಿಕೊಳ್ಳುತ್ತಾರೆ. ತಾನು ತಾನೇ ಎಂದು ರುಜುವಾತು ಮಾಡಲು ಜನ ಹೋಗುವ ಜಾಗ ಅದು. ಇದೇ ಬೋರ್ಡಿನ ಕೆಳಗೆ ಒಂದು ಕಾಲಕ್ಕೆ ನಾವು ನುಗ್ಗುತ್ತಿದ್ದದ್ದು ಒಂದಷ್ಟು ಹೊತ್ತು ಯಾರೂ ಅಲ್ಲದವರಾಗಿ ಇರಲು.

ವಿದೇಶ್ ಸಂಚಾರ ನಿಗಮದವರು ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ಬಾಗಿಲು ತೆರೆಯಿತು. ಅದು ಶುರುವಾದದ್ದೇ ಸೈಬರ್ ಕೆಫೆಯಾಗಿ ಎಂಬುದು ಇವತ್ತಿನ ಎಷ್ಟೋ ಕಾಫಿಪ್ರಿಯರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಂಥ ಊರುಗಳಿಗೆ ಈ ವೈಭೋಗ ತಲುಪುವಾಗ ಅದರ ಜೊತೆಗೆ ಕಾಫಿ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಮಹಡಿ, ಪ್ಲೈವುಡ್ ಹೊಡೆದು ಮಾಡಿದ ಗೂಡುಗಳು, ಒಂದೊಂದಕ್ಕೂ ಸೀರೆಯ ತುಂಡಿನಂಥ ಪರದೆ, ಒಳಗೆ ದಪ್ಪ ಹೊಟ್ಟೆಯ ಮಾನಿಟರು, ಅಕ್ಷರ ಅಳಿಸಿಹೋದ ಕೀಬೋರ್ಡು. ಮೊದಲು ಗಂಟೆಗೆ ಮೂವತ್ತು ರೂಪಾಯಿ ಇದ್ದದ್ದು ಪಕ್ಕದಲ್ಲಿ ಇನ್ನೊಂದು ಅಂಗಡಿ ತೆರೆದ ಮೇಲೆ ಹದಿನೈದಕ್ಕೆ ಇಳಿಯಿತು. ಪಿಯುಸಿ ರಿಸಲ್ಟಿನ ದಿನ ಮಾತ್ರ ಮೆಟ್ಟಿಲ ತನಕ ಜನ. ರಿಜಿಸ್ಟರ್ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟು ಭಯದಿಂದ ನಿಲ್ಲುತ್ತಿದ್ದರು.

ಬಾಗಿಲಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು. ಹೆಸರು, ಊರು, ಬಂದ ಹೊತ್ತು, ಹೋದ ಹೊತ್ತು. ಆ ಪುಸ್ತಕವನ್ನು ನಂಬುವುದಾದರೆ ನಮ್ಮ ಊರಿಗೆ ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ವಾರಕ್ಕೆರಡು ಸಲ ಬಂದು ಮೇಲ್ ನೋಡಿಕೊಂಡು ಹೋಗುತ್ತಿದ್ದರು. ಮಾಲೀಕನಿಗೆ ಅದು ಗೊತ್ತಿತ್ತು. ಅವನಿಗೆ ಬೇಕಿದ್ದದ್ದು ಹೊತ್ತು ಮತ್ತು ದುಡ್ಡು. ಎರಡೂ ಸರಿಹೋದರೆ ಹೆಸರಿನ ಗೊಡವೆ ಅವನಿಗಿರಲಿಲ್ಲ.

ಒಳಗೆ ಕೂತರೆ ಇನ್ನೊಂದು ಲೋಕ. ಯಾಹೂ ಚಾಟ್ ಕೋಣೆಗೆ ಕಾಲಿಟ್ಟ ಕೂಡಲೇ ಯಾರೋ ಮೂರಕ್ಷರ ಒತ್ತುತ್ತಿದ್ದರು: ಎ, ಎಸ್, ಎಲ್. ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಯವರು. ನಿಜ ಹೇಳುವವರು ಅಪರೂಪ, ನಿಜ ಹೇಳುತ್ತಾರೆಂದು ನಂಬುವವರು ಇನ್ನೂ ಅಪರೂಪ. 1993ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಪೀಟರ್ ಸ್ಟೈನರ್ ಬರೆದ ಒಂದು ವ್ಯಂಗ್ಯಚಿತ್ರ ಜಗತ್ತೆಲ್ಲ ಸುತ್ತಿತು: ಕಂಪ್ಯೂಟರಿನ ಮುಂದೆ ಕೂತ ನಾಯಿಯೊಂದು ಇನ್ನೊಂದು ನಾಯಿಗೆ, ಇಲ್ಲಿ ನಾವು ನಾಯಿಗಳೆಂದು ಯಾರಿಗೂ ತಿಳಿಯುವುದಿಲ್ಲ ಎಂಬ ಗುಟ್ಟು ಹೇಳುತ್ತಿದೆ. ನಮಗೆ ಈ ತಮಾಷೆಯನ್ನು ಅಮೆರಿಕದವರು ಹೇಳಿಕೊಡಬೇಕಿರಲಿಲ್ಲ. ಧರ್ಮರಾಯ ಕಂಕಭಟ್ಟನಾಗಿ, ಭೀಮ ವಲಲನಾಗಿ, ಅರ್ಜುನ ಬೃಹನ್ನಳೆಯಾಗಿ, ದ್ರೌಪದಿ ಸೈರಂಧ್ರಿಯಾಗಿ ಒಂದು ವರ್ಷ ಕಳೆದ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಹಾನಗಲ್ಲಿನವರು ಆ ವಿರಾಟನಗರ ತಮ್ಮ ಊರೇ ಎನ್ನುತ್ತಾರೆ. ಮಳೆ ಬಾರದಿದ್ದರೆ ಹಳ್ಳಿಗಳಲ್ಲಿ ಓದಿಸುವುದೂ ವಿರಾಟಪರ್ವವನ್ನೇ. ಆಪತ್ತಿನಲ್ಲಿರುವವರು ಬೇರೆ ಹೆಸರಿನಲ್ಲಿ ಬಾಳುವುದು ಈ ನೆಲದಲ್ಲಿ ಯಾವತ್ತೂ ಅಪರಾಧವಾಗಿರಲಿಲ್ಲ.

ಆ ಗೂಡಿನಲ್ಲಿ ಕೂತು ನಾವು ಹೆಚ್ಚಾಗಿ ಮಾಡುತ್ತಿದ್ದದ್ದು ಕೇಳುವ ಕೆಲಸ. ವಾರಪತ್ರಿಕೆಗಳ ಸಮಾಧಾನ ಅಂಕಣಗಳಲ್ಲಿ ಪ್ರಶ್ನೆಗಳ ಕೆಳಗೆ ‘ಹೆಸರು ಬೇಡ, ಊರು ಬೇಡ’ ಎಂದು ಅಚ್ಚಾಗುತ್ತಿದ್ದದ್ದು ಹಳೆಯ ಓದುಗರಿಗೆ ನೆನಪಿರುತ್ತದೆ. ಮನೆಯಲ್ಲಿ ಕೇಳಲಾಗದ್ದು, ಡಾಕ್ಟರ ಮುಂದೆ ಬಾಯಿಗೆ ಬಾರದ್ದು, ಅನ್ಯಜಾತಿಯ ಹುಡುಗನ ಮೇಲೆ ಮನಸ್ಸಾದದ್ದು, ದೇವರಿದ್ದಾನೆಯೇ ಎಂಬ ಅನುಮಾನ, ಮುಟ್ಟು ನಿಂತ ದಿಗಿಲು. ಅಂಕಣಕ್ಕೆ ಬರೆದರೆ ಉತ್ತರಕ್ಕೆ ತಿಂಗಳು ಕಾಯಬೇಕು, ಅದೂ ಅಚ್ಚಾದರೆ. ಸೈಬರಿನ ಗೂಡಿನಲ್ಲಿ ಅದೇ ಪ್ರಶ್ನೆ ಒತ್ತಿದರೆ ಅರ್ಧ ನಿಮಿಷ. ಆಮೇಲೆ ಕಿಟಕಿ ಮುಚ್ಚಿ, ಚಿಲ್ಲರೆ ಕೊಟ್ಟು ಮೆಟ್ಟಿಲಿಳಿದರೆ ಆ ಪ್ರಶ್ನೆ ಕೇಳಿದವರು ಯಾರೆಂದು ಹೇಳಬಲ್ಲ ಒಂದೇ ಒಂದು ನರಪಿಳ್ಳೆಯೂ ಊರಿನಲ್ಲಿರುತ್ತಿರಲಿಲ್ಲ. ಯಂತ್ರವೂ ಬಹುಕಾಲ ನೆನಪಿಡುತ್ತಿರಲಿಲ್ಲ. ಇದ್ದದ್ದು ಪುಟ್ಟ ಹಾರ್ಡ್ ಡಿಸ್ಕು, ಅದಕ್ಕೂ ಆಗಾಗ ವೈರಸ್ಸು. ‘ಸಿಸ್ಟಮ್ ಫಾರ್ಮ್ಯಾಟ್ ಮಾಡಿಸ್ತಾ ಇದ್ದೀವಿ, ನಾಳೆ ಬನ್ನಿ’ ಎಂದು ಮಾಲೀಕ ಹೇಳಿದನೆಂದರೆ ಒಂದು ಊರಿನ ಅಷ್ಟೂ ಗುಟ್ಟುಗಳು ಆ ರಾತ್ರಿ ಒಟ್ಟಿಗೆ ಅಳಿಸಿಹೋಗುತ್ತಿದ್ದವು.

ಅವನ ಸದ್ಗುಣದಿಂದ ಆದದ್ದಲ್ಲ ಅದು, ಯಾವ ಕಾನೂನಿನಿಂದಲೂ ಅಲ್ಲ. ನೆನಪಿಟ್ಟುಕೊಳ್ಳುವುದು ದುಬಾರಿಯಾಗಿತ್ತು, ಮರೆಯುವುದು ಅಗ್ಗವಾಗಿತ್ತು; ಅಷ್ಟೇ. ಹಾಟ್‌ಮೇಲ್ ಕೊಡುತ್ತಿದ್ದದ್ದು ಎರಡು ಎಂಬಿ ಜಾಗ, ಯಾಹೂ ನಾಲ್ಕು. ನಾಲ್ಕು ಫೋಟೊ ಬಂದರೆ ಪೆಟ್ಟಿಗೆ ತುಂಬಿತು. ಹಳೆಯ ಕಾಗದಗಳನ್ನು ನಾವೇ ಕೈಯಾರೆ ಅಳಿಸಿ ಹೊಸದಕ್ಕೆ ಜಾಗ ಮಾಡಬೇಕು. ಒಂದು ತಿಂಗಳು ಆ ಕಡೆ ತಲೆಹಾಕದಿದ್ದರೆ ಹಾಟ್‌ಮೇಲಿನವರೇ ಎಲ್ಲವನ್ನೂ ಗುಡಿಸಿಹಾಕುತ್ತಿದ್ದರು. ಆಗ ಅದಕ್ಕೆ ಶಾಪ ಹಾಕಿದ್ದೇವೆ. 2004ರ ಏಪ್ರಿಲ್ 1ರಂದು ಗೂಗಲ್ ಒಂದು ಜಿಬಿಯ ಜಿಮೇಲ್ ಪ್ರಕಟಿಸಿದಾಗ ಏಪ್ರಿಲ್ ಫೂಲ್ ಇರಬೇಕೆಂದುಕೊಂಡವರು ಬಹಳ ಮಂದಿ. ತಮಾಷೆಯಾಗಿರಲಿಲ್ಲ. ಇನ್ನು ಏನನ್ನೂ ಅಳಿಸಬೇಕಾಗಿಲ್ಲ ಎಂದು ಅವರು ಹೇಳಿದ್ದನ್ನು ನಾವು ವರವೆಂದು ತಿಳಿದೆವು. ಆ ಪತ್ರಗಳ ಒಳಗಿನ ಪದಗಳನ್ನು ಯಂತ್ರದಿಂದ ಓದಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಪದ್ಧತಿ 2017ರ ತನಕ ನಡೆಯಿತು. ಸೈಬರ್ ಕೆಫೆಯ ಮರೆವು ಸತ್ತ ದಿನ ಯಾವುದೆಂದು ಕೇಳಿದರೆ ನಾನು ಆ ಏಪ್ರಿಲ್ ಒಂದನ್ನೇ ತೋರಿಸುತ್ತೇನೆ.

ಇಷ್ಟು ಹೇಳುವಾಗ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆ ಪರದೆಯ ಹಿಂದಿನ ಸ್ವಾತಂತ್ರ್ಯ ಹುಡುಗರಿಗೆ ಸಿಕ್ಕಷ್ಟು ಹುಡುಗಿಯರಿಗೆ ಸಿಗಲಿಲ್ಲ. ಒಬ್ಬಳೇ ಸೈಬರಿಗೆ ಬಂದವಳು ಎಂಬ ಮಾತು ಅವಳಿಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. ಚಾಟ್ ಕೋಣೆಯಲ್ಲಿ ಹೆಣ್ಣಿನ ಹೆಸರಿಟ್ಟುಕೊಂಡು ಕೂತರೆ ಹರಿದು ಬರುತ್ತಿದ್ದ ಹೊಲಸನ್ನು ಬರೆದವರೂ ಹೆಸರಿಲ್ಲದವರೇ. ಲಾಗೌಟ್ ಮಾಡದೆ ಎದ್ದುಹೋದವರ ಅಂಚೆಪೆಟ್ಟಿಗೆಯನ್ನು ಮುಂದಿನ ಗಿರಾಕಿ ಸಾವಕಾಶವಾಗಿ ಓದಿ ಮುಗಿಸಿದ ಉದಾಹರಣೆಗಳು ಬೇಕಾದಷ್ಟು. ಬೆದರಿಕೆ ಮೇಲ್‌ಗಳ ಜಾಡು ಹಿಡಿದ ಪೊಲೀಸರು ಕೊನೆಗೆ ಬಂದು ನಿಲ್ಲುತ್ತಿದ್ದದ್ದೂ ಇಂಥದ್ದೇ ಮೆಟ್ಟಿಲ ಬುಡದಲ್ಲಿ, ಎದುರಿಗೆ ರಾಜ್‌ಕುಮಾರ್ ಸಹಿ ಇರುವ ನೋಟ್‌ಬುಕ್.

ಆದ್ದರಿಂದ 2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದದ್ದರಲ್ಲಿ ಅಚ್ಚರಿಯಿಲ್ಲ. ಗುರುತಿನ ಚೀಟಿ ತೋರಿಸದವರಿಗೆ ಕಂಪ್ಯೂಟರ್ ಕೊಡುವಂತಿಲ್ಲ. ಯಾರು ಯಾವ ತಾಣ ನೋಡಿದರೆಂಬ ದಾಖಲೆ ಒಂದು ವರ್ಷ ಇಟ್ಟಿರಬೇಕು. ಗೂಡುಗಳ ಗೋಡೆ ನೆಲದಿಂದ ನಾಲ್ಕೂವರೆ ಅಡಿ ಮೀರಬಾರದು. ಗೂಡಿಲ್ಲದ ಕಂಪ್ಯೂಟರುಗಳ ಮುಖ ಹೊರಗೆ, ಎಲ್ಲರ ಕಡೆಗೆ ತಿರುಗಿರಬೇಕು. ಒಂದು ದೇಶ ತನ್ನ ಪ್ರಜೆಯ ಏಕಾಂತಕ್ಕೆ ಅಡಿಕೋಲು ಹಿಡಿದು ಎತ್ತರ ಗೊತ್ತುಮಾಡಿದ್ದು ನನಗೆ ತಿಳಿದಂತೆ ಅದೊಂದೇ ಸಲ. ಹಾಗೆ ನೋಡಿದರೆ ಆ ನಿಯಮಗಳು ಕೆಫೆಗಳನ್ನು ಕೊಲ್ಲಬೇಕಾಗಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಪ್ರತಿ ಕೈಗೂ ಒಂದು ಫೋನು ಬಂತು, ಪ್ರತಿ ಫೋನಿಗೂ ಬೆರಳಚ್ಚು ಕೊಟ್ಟು ಪಡೆದ ಒಂದು ನಂಬರ್ ಬಂತು. ಆ ನಂಬರೇ ನಮ್ಮ ಹೆಸರಾಯಿತು. ಚಾಟ್ ಕೋಣೆಯಲ್ಲಿ ವಯಸ್ಸು, ಊರು ಕೇಳಿದವನಿಗೆ ಸುಳ್ಳು ಹೇಳಬಹುದಿತ್ತು. ಫೋನು ನಮ್ಮನ್ನು ಕೇಳುವುದೇ ಇಲ್ಲ.

ಹೆಸರು ಮುಚ್ಚಿಟ್ಟರೂ ಮನುಷ್ಯ ಸಿಕ್ಕಿಬೀಳುತ್ತಾನೆ ಎಂಬುದು ಪಾಂಡವರಿಗೇ ಗೊತ್ತಿತ್ತು. ಕೌರವನ ಗೂಢಚಾರರು ಊರೂರು ತಿರುಗಿ ಬರಿಗೈಯಲ್ಲಿ ಮರಳಿದರು. ಆದರೆ ಕೀಚಕ ಸತ್ತ ಸುದ್ದಿ ಬಂತು. ಅವನನ್ನು ಕೊಲ್ಲುವ ತೋಳ್ಬಲ ಭೀಮನಿಗಲ್ಲದೆ ಇನ್ನಾರಿಗಿದೆ ಎಂಬ ಲೆಕ್ಕಾಚಾರದಲ್ಲಿ ಗುಟ್ಟು ಅರ್ಧ ಬಯಲಾಯಿತು. ಜಾಲತಾಣಗಳು ನಮ್ಮನ್ನು ಹಿಡಿಯುವುದು ಹೀಗೆಯೇ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಪೀಟರ್ ಎಕರ್ಸ್ಲಿ 2010ರಲ್ಲಿ ಒಂದು ಪರೀಕ್ಷೆ ಮಾಡಿದರು. ಹೆಸರು ಬೇಡ, ಲಾಗಿನ್ ಬೇಡ. ಬ್ರೌಸರ್ ಯಾವುದು, ಪರದೆಯ ಅಳತೆ ಎಷ್ಟು, ಯಾವ ಯಾವ ಅಕ್ಷರಶೈಲಿಗಳಿವೆ, ಗಡಿಯಾರ ಯಾವ ದೇಶದ್ದು, ಇಂಥ ನಿರುಪದ್ರವಿ ವಿವರಗಳನ್ನು ಮಾತ್ರ ಕೂಡಿಸಿ ನೋಡಿದರು. ಪರೀಕ್ಷೆಗೆ ಬಂದ ಬ್ರೌಸರುಗಳಲ್ಲಿ ಶೇ. 83.6ರಷ್ಟು ತಮ್ಮಂಥದ್ದು ಇನ್ನೊಂದಿಲ್ಲ ಎನ್ನುವಂತಿದ್ದವು. ಕನ್ನಡದ ಎರಡು ಫಾಂಟ್ ಹೆಚ್ಚಿಗೆ ಹಾಕಿಕೊಂಡವರ ಗತಿಯನ್ನು ನೀವೇ ಊಹಿಸಿ.

ಅದಕ್ಕೂ ಮೊದಲು, 2006ರ ಆಗಸ್ಟಿನಲ್ಲಿ, ಎಒಎಲ್ ಕಂಪನಿ ಸಂಶೋಧಕರಿಗೆ ಅನುಕೂಲವಾಗಲೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿ ಹುಡುಕಾಟಗಳನ್ನು ಬಹಿರಂಗಪಡಿಸಿತ್ತು. ಹೆಸರುಗಳ ಜಾಗದಲ್ಲಿ ಬರೀ ಅಂಕಿಗಳಿದ್ದವು. ಪತ್ರಕರ್ತರು ಒಂದು ಅಂಕಿಯ ಹಿಂದಿನ ಪ್ರಶ್ನೆಗಳನ್ನು ಓದುತ್ತ ಹೋದರು: ಒಂದು ಊರಿನ ತೋಟಗಾರರ ವಿವರ, ಒಂದು ಮನೆತನದ ಹೆಸರು, ನಾಯಿಯ ಕಾಟ, ಬೆರಳು ಜುಮ್ಮೆನ್ನುವ ತೊಂದರೆ. ಕೆಲವೇ ದಿನಗಳಲ್ಲಿ ಆ ವಯಸ್ಸಾದ ಹೆಂಗಸಿನ ಮನೆ ಬಾಗಿಲು ತಟ್ಟಿದರು. ‘ಹೆಸರು ಬೇಡ, ಊರು ಬೇಡ’ ಎಂದು ಬರೆದ ಓದುಗಿಯ ಎಲ್ಲ ಪ್ರಶ್ನೆಗಳನ್ನೂ ಒಂದೇ ದಾರದಲ್ಲಿ ಪೋಣಿಸಿಟ್ಟರೆ ಅವಳ ಮನೆ ಸಿಗದೆ ಇರುತ್ತದೆಯೇ?

ಆ ದಾರವೂ ಕೇಡಿಗೆಂದು ಹುಟ್ಟಿದ್ದಲ್ಲ. ಕುಕಿ ಎಂಬ ಪುಟ್ಟ ಚೀಟಿಯನ್ನು 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲಿ ರೂಪಿಸಿದ್ದು, ಅಂಗಡಿ ತಾಣಗಳಲ್ಲಿ ನಾವು ಆಯ್ದಿಟ್ಟ ಸಾಮಾನು ಪುಟ ಬದಲಿಸಿದರೂ ಮರೆತುಹೋಗದಿರಲೆಂದು. ಜಾಹೀರಾತಿನವರು ಅದನ್ನೇ ಅಂಗಡಿಯಿಂದ ಅಂಗಡಿಗೆ ನಮ್ಮ ಬೆನ್ನುಹತ್ತಲು ಬಳಸಿದರು. ಆ್ಯಪಲ್ಲಿನ ಸಫಾರಿ 2020ರಲ್ಲಿ ಇಂಥ ಮೂರನೆಯವರ ಕುಕಿಗಳಿಗೆ ಬಾಗಿಲು ಹಾಕಿತು. ಅದೇ ವರ್ಷ ಗೂಗಲ್ ತಾನೂ ಕ್ರೋಮಿನಿಂದ ಅವನ್ನು ತೆಗೆಯುವುದಾಗಿ ಮಾತು ಕೊಟ್ಟು, ವರ್ಷ ವರ್ಷ ಮುಂದೂಡಿ, 2024ರಲ್ಲಿ ಆ ಮಾತನ್ನೇ ಹಿಂತೆಗೆದುಕೊಂಡಿತು. ಜಾಹೀರಾತಿನಿಂದ ಹೊಟ್ಟೆ ಹೊರೆಯುವವರಿಂದ ಬೇರೇನನ್ನು ನಿರೀಕ್ಷಿಸೋಣ.

ನನಗೆ ಕಂಪನಿಗಳ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಕಾಡುವುದು ನಮ್ಮ ಸಿಟ್ಟು ಎಲ್ಲಿ ಹೋಯಿತು ಎಂಬುದು. 1986ರಲ್ಲಿ ಜನರ ಕಾಗದಗಳನ್ನು ತಡೆಹಿಡಿಯಲು ಸರ್ಕಾರಕ್ಕೆ ಹೆಚ್ಚಿನ ಅಧಿಕಾರ ಕೊಡುವ ಅಂಚೆ ಮಸೂದೆ ಸಂಸತ್ತಿನ ಎರಡೂ ಸದನಗಳಲ್ಲಿ ಪಾಸಾಗಿ ರಾಷ್ಟ್ರಪತಿಗಳ ಮೇಜಿಗೆ ಹೋಯಿತು. ಗ್ಯಾನಿ ಜೈಲ್‌ಸಿಂಗ್ ಸಹಿ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಎರಡು ವರ್ಷದ ಬಳಿಕ, 1988ರ ಆಗಸ್ಟಿನಲ್ಲಿ, ರಾಜಕಾರಣಿಗಳ ಫೋನು ಕದ್ದಾಲಿಸಲಾಗಿದೆ ಎಂಬ ಆರೋಪದ ಗದ್ದಲದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಕಟ್ಟೆಯ ಮೇಲೆ ಕೂತ ಮುದುಕರು ಕೂಡ ಇನ್ನೊಬ್ಬರ ಮಾತು ಕದ್ದು ಕೇಳುವುದು ಹೇಸಿಗೆಯ ಕೆಲಸ ಎಂದು ಉಗಿದ ಕಾಲ ಅದು. ಹೆಗಡೆಯವರನ್ನು ಮೆಚ್ಚುವವರಿಗೂ ಆರೋಪವನ್ನು ಲಘುವಾಗಿ ತೆಗೆದುಕೊಳ್ಳುವುದು ಸಾಧ್ಯವಾಗಲಿಲ್ಲ. 2023ರಲ್ಲಿ ಹೊಸ ಅಂಚೆ ಕಾಯ್ದೆ ಬಂತು, ಪತ್ರ ತಡೆಹಿಡಿಯುವ ಅಧಿಕಾರ ಅದರಲ್ಲಿಯೂ ಇದೆ. ಯಾವ ಕಟ್ಟೆಯ ಮೇಲೂ ಅದರ ಮಾತು ನಡೆದದ್ದನ್ನು ನಾನು ಕೇಳಿಲ್ಲ. ಕಾಗದ ಬರೆಯುವವರೇ ಇಲ್ಲ ಎನ್ನುತ್ತೀರಿ, ಸರಿಯೇ.

ಆ ಹಳೆಯ ಸಿಟ್ಟಿನ ಕೊನೆಯ ಕೊಂಡಿ ಬೆಂಗಳೂರಿನಲ್ಲಿದ್ದ ಒಬ್ಬ ವೃದ್ಧರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. ಖಾಸಗಿತನ ಸಂವಿಧಾನ ಕೊಟ್ಟ ಹಕ್ಕೇ ಅಲ್ಲ ಎಂದು ಸರ್ಕಾರದ ವಕೀಲರು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಅದು ಮೂಲಭೂತ ಹಕ್ಕು ಎಂದರು. ಮರುವರ್ಷ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕೇಳಲು ದಾರಿಮಾಡಿದ್ದ ಕಲಮು ಬಿದ್ದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ತೀರ್ಪನ್ನು ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳೂ ಓದುತ್ತಾರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಾತ್ರ ಕಾವಲುಗಾರನ ಟ್ಯಾಬ್ಲೆಟ್ಟು ನಮ್ಮ ನಂಬರ್ ಮತ್ತು ಫೋಟೊ ಎರಡನ್ನೂ ಕೇಳುತ್ತದೆ, ನಾವು ನಗುಮುಖ ಮಾಡಿ ಕೊಡುತ್ತೇವೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು: ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಆಮೇಲೆ ಅಳಿಸಿಹಾಕಿ. ಎಷ್ಟು ಒಳ್ಳೆಯ ಮಾತು! ಅದನ್ನು ಜನ ತಪ್ಪಾಗಿ ಅರ್ಥಮಾಡಿಕೊಳ್ಳಬಹುದು ಎಂಬ ಕಾರಣ ಕೊಟ್ಟು ಎರಡೇ ದಿನದಲ್ಲಿ ಹಿಂಪಡೆದರು. ಅದೇ ವರ್ಷದ ಏಪ್ರಿಲ್‌ನಲ್ಲಿ, ಜಾಡು ಮುಚ್ಚಿಕೊಳ್ಳಲೆಂದು ಜನ ದುಡ್ಡು ಕೊಟ್ಟು ಕೊಳ್ಳುವ ವಿಪಿಎನ್ ಸೇವೆಗಳಿಗೂ ಸರ್ಕಾರ ಆದೇಶಿಸಿತು: ಗಿರಾಕಿಯ ಹೆಸರು, ವಿಳಾಸ, ಫೋನು ಐದು ವರ್ಷ ಬರೆದಿಡಿ. ನಾರ್ಡ್, ಎಕ್ಸ್‌ಪ್ರೆಸ್, ಸರ್ಫ್‌ಶಾರ್ಕ್ ಕಂಪನಿಗಳು ಇಲ್ಲಿನ ಸರ್ವರುಗಳನ್ನು ಕಿತ್ತುಕೊಂಡು ಹೊರಟುಹೋದವು. ಕೆಫೆಯ ನೋಟ್‌ಬುಕ್ ಕಡೆಗೂ ಗೆದ್ದಿತು, ಈ ಸಲ ವಿಷ್ಣುವರ್ಧನ್ ಹೆಸರು ನಡೆಯುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದಿವೆ. ಮುಖ್ಯ ಭಾಗಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ನಿರ್ಲಕ್ಷ್ಯದಿಂದ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿ ತನಕ ದಂಡ ಎನ್ನುವುದು ಕೇಳಲು ಚೆನ್ನಾಗಿದೆ. ನಮ್ಮ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕೂ ಅದರಲ್ಲಿದೆ. ಆದರೆ ನಿಯಮಗಳ ವಿವರ ಓದಿದರೆ ಮರೆವಿನ ಹೊಸ ಲೆಕ್ಕ ಗೊತ್ತಾಗುತ್ತದೆ. ದೊಡ್ಡ ಮಾರಾಟ ತಾಣಗಳು, ಸಾಮಾಜಿಕ ಜಾಲಗಳು ಬಳಕೆದಾರ ಆ ಕಡೆ ಸುಳಿಯದೆ ಮೂರು ವರ್ಷವಾದ ಮೇಲೆ ಅವನ ಮಾಹಿತಿ ಅಳಿಸಬೇಕಂತೆ. ಹಾಟ್‌ಮೇಲ್ ಮೂವತ್ತು ದಿನದಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಈಗ ಕಾನೂನು ಬೇಕು, ಮೂರು ವರ್ಷ ಬೇಕು. ಒಪ್ಪಿಗೆ ಕೇಳಿಯೇ ಎಲ್ಲ ನಡೆಯುತ್ತದೆ ಎನ್ನುತ್ತಾರೆ. ಬಸ್ಸು ಹಿಡಿಯುವ ಆತುರದಲ್ಲಿ ಟಿಕೆಟ್ ಆ್ಯಪಿನ ಮುಂದೆ ನಿಂತವನ ಒಪ್ಪಿಗೆಗೆ ನಾನು ಅಂಥ ಬೆಲೆಯೇನೂ ಕಟ್ಟಲಾರೆ.

ಹೋದದ್ದು ತಿರುಗಿ ಬರುವುದಿಲ್ಲ. ಆ ಪ್ಲೈವುಡ್ಡು ಎಂದೋ ಒಲೆ ಸೇರಿದೆ. ಆದರೂ ಕೈಗೆಟಕುವ ಕೆಲವು ಕೆಲಸಗಳಿವೆ, ದಯವಿಟ್ಟು ಮಾಡಿ. ನಿಮ್ಮ ಗೂಗಲ್ ಖಾತೆಯ ಚಟುವಟಿಕೆ ವಿಭಾಗದಲ್ಲಿ ತಾನಾಗಿ ಅಳಿಸುವ ಆಯ್ಕೆ ಇದೆ. ಹೊಸ ಖಾತೆಗಳಿಗೆ ಅವರು ಇಟ್ಟಿರುವುದು ಹದಿನೆಂಟು ತಿಂಗಳು, ಅದನ್ನು ಮೂರು ತಿಂಗಳಿಗೆ ಇಳಿಸಿಕೊಳ್ಳಬಹುದು. ಬ್ರೌಸರಿನಲ್ಲಿ ಮೂರನೆಯವರ ಕುಕಿಗಳಿಗೆ ತಡೆ ಹಾಕಿ. ಟಾರ್ಚ್ ಆ್ಯಪು ಫೋನ್‌ಬುಕ್ ಕೇಳಿದರೆ ಕೊಡಬೇಡಿ. ಅದರಲ್ಲಿರುವುದು ನಿಮ್ಮ ನಂಬರಲ್ಲ, ನಿಮ್ಮನ್ನು ನಂಬಿದವರದು. ಲಾಡ್ಜಿನಲ್ಲಿ ಆಧಾರ್ ಕೇಳಿದರೆ ಮಾಸ್ಕ್ಡ್ ಪ್ರತಿ ಕೊಡಿ. ಇನ್ನೊಂದು ಹಕ್ಕು ಹೊಸ ಕಾಯ್ದೆಯಲ್ಲಿ ಕನ್ನಡಿಗರಿಗೇ ಬರೆದಿಟ್ಟ ಹಾಗಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಆ ಭಾಗ ಜಾರಿಗೆ ಬಂದ ದಿನದಿಂದ, ಯಾವ ಆ್ಯಪು ಒಪ್ಪಿಗೆ ಕೇಳಿದರೂ ಅದನ್ನು ಕನ್ನಡದಲ್ಲಿ ಕೇಳಿ ಎಂದು ಬರೆಯಿರಿ, ಓದಿ, ಬೇಡವೆನಿಸಿದರೆ ಬೇಡ ಎನ್ನಿ.